ಈರ್ಯಾ ಸಮಿತಿಯೂ ಘಟ್ಟದ ದಾರಿಯೂ

ಮುನಿಧರ್ಮದಲ್ಲಿ ಹೇಳಲಾದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ಸೂರ್ಯನ ಬೆಳಕಿನಲ್ಲಿ, ಜನರು ನಡೆದಾಡಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಯಾವ ಜೀವಿಗೂ ಬಾಧೆಯಾಗದಂತೆ ಹೆಜ್ಜೆಯಿಡುವುದು ಅದರ ಲಕ್ಷಣ. ಧರ್ಮದ ಆಚರಣೆಯನ್ನು ವಿವರಿಸಹೊರಟ ಆಚಾರ್ಯರು ಮಾತಿಗಿಂತ, ಆಹಾರಕ್ಕಿಂತ ಮುಂಚೆ ನಡಿಗೆಯನ್ನು ಎಣಿಸಿದರೆಂಬುದು ಗಮನಾರ್ಹ. ಮನುಷ್ಯನು ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸುವಾಗಲೇ ಅವನ ಮತ್ತು ಇತರ ಜೀವಿಗಳ ದಾರಿಗಳು ಒಂದನ್ನೊಂದು ಕತ್ತರಿಸುತ್ತವೆ. ಹಿಂಸೆಯ ಸಂಭವವೂ ಅಲ್ಲಿಯೇ, ಸಂಯಮದ ಪರೀಕ್ಷೆಯೂ ಅಲ್ಲಿಯೇ.

ಇಂದಿನ ಶ್ರಾವಕನು ಕಾಲ್ನಡಿಗೆಯಿಂದ ಸಂಚರಿಸುವುದು ವಿರಳ. ಅವನ ಹೆಜ್ಜೆಯ ಸ್ಥಾನವನ್ನು ನಾಲ್ಕು ಚಕ್ರಗಳು ಆಕ್ರಮಿಸಿವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ಕಣ್ಣು ರೆಪ್ಪೆ ಬಡಿದು, ಮನಸ್ಸು ಎಚ್ಚೆತ್ತು, ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿ ಮುನಿಯು ನೋಡಬೇಕಾದ ನಾಲ್ಕು ಮೊಳದ ನೆಲ ಹಲವು ಸಲ ಹಿಂದೆ ಸರಿದಿರುತ್ತದೆ. ವೇಗವು 40ರಿಂದ 80ಕ್ಕೆ ಏರಿದಾಗ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚುತ್ತದೆ. ಕೇಂದ್ರ ಸಾರಿಗೆ ಮಂತ್ರಾಲಯವು ಪ್ರಕಟಿಸಿದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ನಡೆದು, 1,68,491 ಜನರು ಪ್ರಾಣ ತೆತ್ತರು. ಈ ಮರಣಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಸೇರಿದವು. ರಸ್ತೆ ದಾಟುತ್ತ ಚಕ್ರಕ್ಕೆ ಸಿಕ್ಕಿದ ನಾಯಿ, ಹಾವು, ಕಪ್ಪೆ, ಹಕ್ಕಿಗಳನ್ನು ಯಾರೂ ಲೆಕ್ಕವಿಟ್ಟಿಲ್ಲ.

ನೀರನ್ನು ಸೋಸಿ ಕುಡಿಯುವ, ಧಾನ್ಯವನ್ನು ಆರಿಸಿ ಬೇಯಿಸುವ, ಗೆಡ್ಡೆಗೆಣಸುಗಳನ್ನು ವರ್ಜಿಸುವ ಮನೆತನಗಳಲ್ಲಿಯೂ ವಾಹನದ ಬಾಗಿಲು ಮುಚ್ಚಿದೊಡನೆ ವ್ರತದ ಎಲ್ಲೆ ಮುಗಿಯಿತೆಂಬ ಭಾವ ಕಾಣುವುದುಂಟು. ಅಡುಗೆಮನೆಯಲ್ಲಿ ಇರುವೆಯನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿದ ಕೈಯೇ ಹತ್ತು ನಿಮಿಷದ ಬಳಿಕ ಮುಂದಿನ ವಾಹನದ ಮೇಲೆ ಕೋಪಗೊಂಡು ಹಾರ್ನನ್ನು ಬಿಡದೆ ಒತ್ತುತ್ತದೆ. ಈ ವಿರೋಧವು ವಿಚಾರಣೀಯವಾದುದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ನಿಲ್ಲಲಿಲ್ಲ. ಪ್ರಮಾದದಿಂದ ಕೂಡಿದ ಯೋಗವನ್ನು ಅದರ ಮೂಲವಾಗಿ ತೋರಿಸಿದರು. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಎದುರಿನ ಜೀವಿ ಸಾಯಲಿ ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆಯು ನಿಶ್ಚಿತವೆಂಬ ಅಭಿಪ್ರಾಯವನ್ನು ಸ್ಪಷ್ಟಪಡಿಸಿದ್ದಾರೆ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯದ ವಿವೇಚನೆಯಂತೆ ಕಷಾಯಕ್ಕೆ ಒಳಗಾದವನು ಮೊದಲು ತನ್ನ ಆತ್ಮವನ್ನೇ ಘಾತಿಸಿಕೊಳ್ಳುತ್ತಾನೆ. ಅನಂತರ ಇತರರ ಪ್ರಾಣಕ್ಕೆ ಹಾನಿ ಆಗಲೂಬಹುದು, ಆಗದಿರಲೂಬಹುದು. ಈ ದೃಷ್ಟಿಯಿಂದ ನೋಡಿದರೆ, ತಿರುವಿನಲ್ಲಿ ಕಣ್ಣು ಮುಚ್ಚಿ ಮುನ್ನುಗ್ಗಿದವನು ‘ಏನೂ ಆಗಲಿಲ್ಲವಲ್ಲ’ ಎಂದು ಹೇಳಿಕೊಂಡು ಪಾರಾಗುವಂತಿಲ್ಲ. ಆಗಬೇಕಾದುದು ಅವನೊಳಗೆ ಆಗಲೇ ಆಗಿಹೋಗಿದೆ.

ಕೆಲವು ವರ್ಷಗಳ ಹಿಂದೆ ಬೆಳಗಾವಿ ಕಡೆಯ ಒಂದು ಊರಿನ ಬಸದಿಯ ಶ್ರಾವಕರು ಮಿನಿಬಸ್ಸೊಂದನ್ನು ಗೊತ್ತುಮಾಡಿಕೊಂಡು ತೀರ್ಥಯಾತ್ರೆಗೆ ಹೊರಟಿದ್ದರು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನೇರಿ ದರ್ಶನ ಮುಗಿಸಿ, ಹಾಸನ, ಬೇಲೂರು, ಮೂಡಿಗೆರೆಗಳ ಮೂಲಕ ಚಾರ್ಮಾಡಿ ಘಟ್ಟವನ್ನಿಳಿದು ಸಂಜೆಯೊಳಗೆ ಧರ್ಮಸ್ಥಳವನ್ನು ಸೇರುವುದು ಅಂದಿನ ಕಾರ್ಯಕ್ರಮ. ಮರುದಿನ ವೇಣೂರು, ಮೂಡುಬಿದಿರೆ, ಕಾರ್ಕಳ. ವಯಸ್ಸಾದವರು ಬೆಟ್ಟ ಇಳಿಯುವುದು ತಡವಾಯಿತು. ದಾರಿಯಲ್ಲಿ ಇನ್ನೊಂದಿಷ್ಟು ಹೊತ್ತು ಹೋಯಿತು. ಕೊಟ್ಟಿಗೆಹಾರವನ್ನು ದಾಟುವಾಗ ಚಳಿಗಾಲದ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಬಸ್ಸಿನಲ್ಲಿದ್ದವರ ಪೈಕಿ ಹನ್ನೆರಡು ಮಂದಿಗೆ ರಾತ್ರಿಭೋಜನ ತ್ಯಾಗದ ನಿಯಮ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಸುವವರೂ ಅವರಲ್ಲಿದ್ದರು.

ಯಾತ್ರೆಯ ಹೊಣೆ ಹೊತ್ತಿದ್ದ ಕಾರ್ಯದರ್ಶಿಗಳು ಗಡಿಯಾರವನ್ನು ನೋಡುತ್ತ ಚಾಲಕನ ಬಳಿ ಬಂದು ನಿಂತರು.

“ಮಾಮಾ, ಜರಾ ಜಲ್ದಿ ಹೊಡೀರಿ. ಹೊತ್ತ ಮುಳಗೂದ್ರೊಳಗ ಮುಟ್ಟಬೇಕು. ಮಂದಿ ಉಪವಾಸ ಬೀಳ್ತಾರ.”

“ಸಾಹೇಬ್ರ, ಇದು ಇಳಿಜಾರ ಐತ್ರಿ. ಸಣ್ಣ ಗೇರಿನ್ಯಾಗ ಇಳಸಬೇಕು. ಬರೇ ಬ್ರೇಕ್ ಮ್ಯಾಲೆ ಇಳಸಿದ್ರ ಕಾದು ಕೈ ಕೊಡ್ತಾವು” ಎಂದು ಚಾಲಕನು ಮುಂದಿನ ದಾರಿಯಿಂದ ಕಣ್ಣು ತೆಗೆಯದೆಯೇ ಉತ್ತರಿಸಿದನು.

ಬಸ್ಸಿನ ಹಿಂದೆ ವಾಹನಗಳ ಸಾಲು ಬೆಳೆಯುತ್ತಿತ್ತು. ತೀರ ಹಿಂದೆಯೇ ಇದ್ದ ಕಾರೊಂದು ಬಿಡದೆ ಹಾರ್ನ್ ಹಾಕುತ್ತ, ಒಂದು ಕಡೆ ಇಕ್ಕಟ್ಟಾದ ತಿರುವಿನಲ್ಲಿಯೇ ಬಲಕ್ಕೆ ನುಗ್ಗಿತು. ಅದೇ ಹೊತ್ತಿಗೆ ಕೆಳಗಿನಿಂದ ಸಾರಿಗೆ ಬಸ್ಸೊಂದು ಏರಿ ಬಂತು. ಎಲ್ಲರೂ ಬ್ರೇಕ್ ಒತ್ತಿದರು. ಒಂದು ಮಾರಿನಷ್ಟು ಅಂತರದಲ್ಲಿ ಮೂರು ವಾಹನಗಳು ನಿಂತವು. ಬಲಕ್ಕೆ ಕಣಿವೆ, ಎಡಕ್ಕೆ ಬಂಡೆ. ಕಾರಿನ ಯುವಕನು ಗಾಜನ್ನಿಳಿಸಿ, ದಾರಿಯೇನು ನಿನ್ನೊಬ್ಬನದೇ ಎಂಬರ್ಥದ ಒರಟು ಮಾತುಗಳನ್ನು ಚಾಲಕನ ಮೇಲೆ ಎಸೆದನು. ಬಸ್ಸಿನೊಳಗಿನ ಇಬ್ಬರು ಮೂವರು ತರುಣರು ಉತ್ತರಿಸಲು ಬಾಗಿಲಿಗೆ ಧಾವಿಸಿದರು. ಚಾಲಕನು ಅವರನ್ನು ಕೈಸನ್ನೆಯಿಂದಲೇ ತಡೆದು, ಬಸ್ಸನ್ನು ಬಂಡೆಯ ಬದಿಗೆ ಒತ್ತರಿಸಿ, ಕಾರು ಒಳಗೆ ಸೇರುವಷ್ಟು ಜಾಗ ಮಾಡಿಕೊಟ್ಟನು. ಏರಿ ಬರುವ ಬಸ್ಸು ಮುಂದೆ ಸಾಗಿತು. ಕಾರೂ ಹೋಯಿತು.

ಸ್ವಲ್ಪ ಕೆಳಗೆ ದಾರಿ ಅಗಲವಾದ ಸ್ಥಳದಲ್ಲಿ ಚಾಲಕನು ಬಸ್ಸನ್ನು ಪೂರ್ತಿಯಾಗಿ ಪಕ್ಕಕ್ಕೆ ತೆಗೆದು ನಿಲ್ಲಿಸಿದನು. ಹಿಂದಿದ್ದ ವಾಹನಗಳು ಒಂದೊಂದಾಗಿ ಮುಂದೆ ಹೋಗತೊಡಗಿದವು. ಕಾರ್ಯದರ್ಶಿಗಳಿಗೆ ಇದು ಸಹನೆಯಾಗಲಿಲ್ಲ.

“ಈಗ ಯಾಕ ನಿಂದ್ರಿಸಿದ್ರಿ? ಮೊದಲ ತಡಾ ಆಗೇತಿ. ಬೈದಾವ್ರಿಗೆ ದಾರಿ ಬಿಟ್ಕೊಡೂದೇನು?”

“ಬೈದಾವ ಒಬ್ಬ ರೀ ಸಾಹೇಬ್ರ. ಹಿಂದ ಹತ್ತ ಗಾಡಿ ಅದಾವು. ಯಾವುದ್ರಾಗ ಯಾರ ಅದಾರೋ ಯಾರಿಗ್ಗೊತ್ತು? ಹೋಗ್ಲಿ ಬಿಡ್ರಿ.”

ಆ ಸಾಲಿನಲ್ಲಿ ಒಂದು ಜೀಪು ಇತ್ತು. ಅದರ ಹಿಂಬದಿಯ ಸೀಟಿನಲ್ಲಿ ಕಂಬಳಿ ಹೊದ್ದ ಯಾರೋ ಮಲಗಿದ್ದರು. ಪಕ್ಕದಲ್ಲಿ ಕುಳಿತ ಹೆಂಗಸು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಲೆನಾಡಿನ ಆ ಭಾಗದಿಂದ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುವವರಿಗೆ ಈ ಘಟ್ಟವೇ ದಾರಿ. ಆ ಜೀಪಿಗೆ ಗಂಟೆಯಿಲ್ಲ, ಕೆಂಪು ದೀಪವಿಲ್ಲ. ಅದು ಒಂದು ಸಲವೂ ಹಾರ್ನ್ ಹಾಕಿರಲಿಲ್ಲ.

ಮುಂದಿನ ಸೀಟಿನಲ್ಲಿದ್ದ ವೃದ್ಧೆಯೊಬ್ಬರು, ಬಸ್ಸಿನಲ್ಲಿದ್ದ ಎಲ್ಲರೂ ಆಯಿ ಎಂದು ಕರೆಯುವವರು, ಹನ್ನೆರಡು ವ್ರತಿಗಳಲ್ಲಿ ಹಿರಿಯರು. ಅವರು ಕಾರ್ಯದರ್ಶಿಗಳನ್ನು ಹತ್ತಿರ ಕರೆದು, “ತಮ್ಮಾ, ನಮ್ಮ ಸಲುವಾಗಿ ಅವಸರ ಮಾಡಬ್ಯಾಡ. ಊಟ ನಾಳೆ ಹೊತ್ತ ಹುಟ್ಟಿದ ಮ್ಯಾಲೆ ಮಾಡಿದ್ರ ಆತು. ರಾತ್ರಿ ಉಣಬಾರದಂತ ಹೇಳಿದ್ದು ಹುಳಾ ಸಾಯಬಾರದಂತ. ಅದರ ಸಲುವಾಗಿ ಮನಷ್ಯಾರನ್ನ ಕಣಿವ್ಯಾಗ ಹಾಕಂತ ಯಾರ ಹೇಳ್ಯಾರ?” ಎಂದರು.

ಆ ದಿನ ಬಸ್ಸು ಧರ್ಮಸ್ಥಳವನ್ನು ಸೇರುವಾಗ ಸೂರ್ಯ ಮುಳುಗಿತ್ತು. ಹನ್ನೆರಡು ಮಂದಿ ಊಟವಿಲ್ಲದೆ ಮಲಗಿದರು. ಕಾರ್ಯದರ್ಶಿಗಳು ಅಂದು ರಾತ್ರಿ ಮರುದಿನದ ಪಟ್ಟಿಯನ್ನು ತೆಗೆದು, ಮೂರು ಕ್ಷೇತ್ರಗಳಲ್ಲಿ ಒಂದನ್ನು ಅದರ ಮರುದಿನಕ್ಕೆ ಸರಿಸಿದರು. ಪ್ರತಿದಿನವೂ ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ತಂಗುವ ಸ್ಥಳವನ್ನು ಸೇರುವಂತೆ ಉಳಿದ ಯಾತ್ರೆಯನ್ನು ಹೊಂದಿಸಿದರು. ವ್ರತಕ್ಕೂ ಸಂಚಾರಕ್ಕೂ ನಡುವೆ ಬಿದ್ದ ಜಗಳವು ವೇಗದಿಂದಲ್ಲ, ಮುಂಚಿತವಾದ ಯೋಜನೆಯಿಂದ ಬಗೆಹರಿಯಿತು.

ಅವಸರದ ಮೂಲದಲ್ಲಿ ಲೋಭವಿದೆ, ಹಣದ್ದಲ್ಲ, ಕಾಲದ್ದು. 25 ಕಿ.ಮೀ. ಉದ್ದದ ಘಟ್ಟದ ದಾರಿಯೊಂದನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿದರೆ 50 ನಿಮಿಷ ಬೇಕು. 40ರಲ್ಲಿ ಇಳಿದರೆ ಮೂವತ್ತೇಳೂವರೆ ನಿಮಿಷ. ಪ್ರತಿ ತಿರುವಿನಲ್ಲಿಯೂ ಪ್ರಾಣವನ್ನು ಪಣಕ್ಕಿಟ್ಟು ಗಳಿಸಿದ ಸಂಪತ್ತು ಹನ್ನೆರಡೂವರೆ ನಿಮಿಷ. ಬಹಳಷ್ಟು ಸಲ ಅದು ಕೆಳಗಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿಯೊಂದಿಗೆ ವ್ಯಯವಾಗಿಬಿಡುತ್ತದೆ. ಈ ಲೋಭಕ್ಕೆ ತಡೆ ಬಂದಾಗ ಅದೇ ಕ್ರೋಧವಾಗುತ್ತದೆ.

ಆದರೆ ದೋಷವೆಲ್ಲವೂ ಅವಸರದವನದೆಂದು ನಿರ್ಣಯಿಸುವುದು ಏಕಾಂತದೃಷ್ಟಿ. ನಿಧಾನವಾಗಿ ಚಲಿಸುವುದು ತನ್ನಷ್ಟಕ್ಕೆ ಅಹಿಂಸೆಯಲ್ಲ. ರಸ್ತೆಯ ಮಧ್ಯವನ್ನು ಹಿಡಿದು, ಹಿಂದಿನವರಿಗೆ ಸ್ಥಳವಿದ್ದರೂ ಬಿಡದೆ, ‘ನಾನು ನಿಯಮದಂತೆಯೇ ಹೋಗುತ್ತಿದ್ದೇನೆ, ಬೇಕಾದವರು ಕಾಯಲಿ’ ಎಂದುಕೊಳ್ಳುವವನಲ್ಲಿಯೂ ಒಂದು ಕಷಾಯವಿದೆ. ಅದರ ಹೆಸರು ಮಾನ. ಯಾರಾದರೂ ಮುಂದೆ ಹೋಗಲು ಯತ್ನಿಸಿದೊಡನೆ ತನ್ನ ವೇಗವನ್ನು ಹೆಚ್ಚಿಸಿ ತಡೆಯುವವರೂ ಇದ್ದಾರೆ. ಅಲ್ಲಿಯವರೆಗೆ ಶಾಂತವಾಗಿ ಕಾಣುತ್ತಿದ್ದ ಮಂದಗತಿಯು ಆ ಕ್ಷಣದಲ್ಲಿ ತನ್ನ ನಿಜರೂಪವನ್ನು ತೋರಿಸುತ್ತದೆ. ಅತಿಯಾದ ಹೊರೆಯನ್ನು ಹೇರಿಕೊಂಡು ಏದುತ್ತ ಏರುವ ಲಾರಿಯ ನಿಧಾನವೂ ನಿರ್ದೋಷವಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಅಂದು ಎತ್ತಿನ ಬೆನ್ನಿಗೆ ಅನ್ವಯಿಸಿದ ಆ ಮಾತು ಇಂದು ಲಾರಿಯ ಚಾಲಕನಿಗೂ ಅವನ ಹಿಂದೆ ಬರುವವರಿಗೂ ಅನ್ವಯಿಸುತ್ತದೆ. ಹೊರೆ ಹೇರಿಸಿದ ವ್ಯಾಪಾರಿಯು ಮನೆಯಲ್ಲಿ ಕುಳಿತಿದ್ದರೂ ಅತಿಚಾರದ ಪಾಲುದಾರನೇ ಸರಿ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಕಷಾಯಗಳ ತೀವ್ರತೆಯನ್ನು ದೃಷ್ಟಾಂತಗಳಿಂದ ವಿಂಗಡಿಸಲಾಗಿದೆ. ಕ್ರೋಧವು ಬಂಡೆಯ ಮೇಲಿನ ಗೆರೆಯಂತೆ, ನೆಲದ ಮೇಲಿನ ಗೆರೆಯಂತೆ, ಧೂಳಿನ ಮೇಲಿನ ಗೆರೆಯಂತೆ, ನೀರಿನ ಮೇಲಿನ ಗೆರೆಯಂತೆ ನಾಲ್ಕು ಬಗೆ. ಮಾನವು ಕಲ್ಲಿನಂತೆ, ಎಲುಬಿನಂತೆ, ಮರದಂತೆ, ಬೆತ್ತದಂತೆ ನಾಲ್ಕು ಬಗೆ. ರಸ್ತೆಯಲ್ಲಿ ಹುಟ್ಟುವ ಸಿಟ್ಟು ಸ್ವಭಾವತಃ ನೀರಿನ ಗೆರೆಯಾಗಬೇಕಾದುದು. ಎದುರಿನವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮುಂದಿನ ತಿರುವಿನಲ್ಲಿ ಅವನು ಕಣ್ಮರೆಯಾಗುತ್ತಾನೆ. ಆದರೂ ಎಷ್ಟೋ ಜನರು ಅದನ್ನು ಬಂಡೆಯ ಮೇಲೆ ಕೊರೆದುಕೊಳ್ಳುತ್ತಾರೆ. ಮನೆಗೆ ಬಂದು ಹೇಳುತ್ತಾರೆ, ಊಟದ ಹೊತ್ತಿಗೆ ಮತ್ತೊಮ್ಮೆ ಹೇಳುತ್ತಾರೆ, ಕೇಳುತ್ತಿರುವ ಮಕ್ಕಳ ಮನಸ್ಸಿನಲ್ಲಿಯೂ ಆ ಗೆರೆಯನ್ನು ಎಳೆಯುತ್ತಾರೆ. ಇನ್ನು ದಾರಿ ಬಿಡದವನ ಮಾನವು ಕಲ್ಲಿನಂತಿರುವುದರ ಬದಲು ಬೆತ್ತದಂತಾದರೆ ಸಾಕು. ಒಂದು ಕ್ಷಣ ಬಾಗಿ ಮತ್ತೆ ನೇರವಾಗುವುದರಿಂದ ಬೆತ್ತಕ್ಕೆ ಯಾವ ನಷ್ಟವೂ ಇಲ್ಲ.

ಲೌಕಿಕ ಕಾನೂನು ಕೂಡ ಈ ಎರಡೂ ಪಕ್ಷಗಳನ್ನು ಅರಿತಿದೆ. 1989ರ ರಸ್ತೆ ನಿಯಮಾವಳಿಯು ತಿರುವು ಮತ್ತು ಏರುಗಳಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವುದನ್ನು ನಿಷೇಧಿಸಿತು. ಅದರೊಂದಿಗೇ, ಇನ್ನೊಬ್ಬನು ಮುಂದೆ ಹೋಗುತ್ತಿರುವಾಗ ವೇಗ ಹೆಚ್ಚಿಸಿ ಅಡ್ಡಿಪಡಿಸಬಾರದೆಂದೂ ವಿಧಿಸಿತು. ಅನಾವಶ್ಯಕವಾಗಿ, ಎಡೆಬಿಡದೆ ಹಾರ್ನ್ ಹಾಕಬಾರದೆಂದಿತು. ಘಟ್ಟದ ದಾರಿ ಸಾಕಷ್ಟು ಅಗಲವಿಲ್ಲದಿದ್ದಲ್ಲಿ ಇಳಿಯುವವನು ನಿಂತು ಏರುವವನಿಗೆ ಆದ್ಯತೆ ಕೊಡಬೇಕೆಂದಿತು. 2017ರಲ್ಲಿ ಹೊಸ ಚಾಲನಾ ನಿಯಮಾವಳಿಯು ಇದರ ಸ್ಥಾನದಲ್ಲಿ ಬಂದಿತು. ಏರುವವನಿಗೆ ಆದ್ಯತೆ ಕೊಡುವ ನಿಯಮದ ಹಿಂದಿನ ವಿವೇಕವು ಸರಳ: ಭಾರವನ್ನೆಳೆದು ಏರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯವೂ ಉಂಟು. ಯಾರಿಗೆ ನಿಲ್ಲುವುದು ಸುಲಭವೋ ಅವನು ನಿಲ್ಲಬೇಕು. ಧರ್ಮಶಾಸ್ತ್ರದ ಮಾತೆಂದರೂ ಒಪ್ಪುವಂಥ ನಿಯಮವಿದು.

ಕಾನೂನು ಕೈಯನ್ನು ಹಿಡಿಯಬಲ್ಲದು. ಮನಸ್ಸನ್ನು ಹಿಡಿಯಲು ವ್ರತವೇ ಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುತ್ತ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಮುರಿಯುವುದು, ಸುಮ್ಮನೆ ಅಲೆಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಆ ವ್ರತದ ಅತಿಚಾರಗಳಲ್ಲಿ ಮೌಖರ್ಯ, ಎಂದರೆ ಅನಗತ್ಯವಾದ ಬಾಯಬಡುಕತನವೂ, ವಿಚಾರಮಾಡದೆ ಕಾರ್ಯಕ್ಕಿಳಿಯುವುದೂ ಇವೆ. ಹಾರ್ನಿನ ಶಬ್ದವನ್ನು ಯಂತ್ರದ ಮೌಖರ್ಯವೆಂದು ತಿಳಿದ ಶ್ರಾವಕನು ಅದನ್ನು ಮಿತಗೊಳಿಸುವ ನಿಯಮವನ್ನು ಒಂದು ಚಾತುರ್ಮಾಸದ ಮಟ್ಟಿಗಾದರೂ ತೆಗೆದುಕೊಳ್ಳಬಹುದು. ದಿಗ್ವ್ರತದಲ್ಲಿ ದೂರಕ್ಕೆ ಮಿತಿಯನ್ನು ಹಾಕಿಕೊಳ್ಳುವಂತೆ ವೇಗಕ್ಕೂ ಮಿತಿಯನ್ನು ಹಾಕಿಕೊಳ್ಳಬಹುದು. ಹಿಂದೆ ಮೂರು ವಾಹನಗಳು ಸೇರಿದರೆ ಅನುಕೂಲವಾದ ಮೊದಲ ಸ್ಥಳದಲ್ಲಿ ಪಕ್ಕಕ್ಕೆ ಸರಿಯುವೆನೆಂದು ನಿಧಾನಿಯು ನಿಯಮ ಮಾಡಿಕೊಳ್ಳಬಹುದು. ಪ್ರಯಾಣ ಮುಗಿದ ಮೇಲೆ ಮುನಿಗಳು ಈರ್ಯಾಪಥದ ದೋಷಗಳಿಗೆ ಪ್ರತಿಕ್ರಮಣ ಮಾಡುವ ಪದ್ಧತಿಯಿದೆ; ಗೃಹಸ್ಥನು ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕುವಾಗ ಅರ್ಧ ನಿಮಿಷ ನಿಂತು, ಆ ದಿನ ದಾರಿಯಲ್ಲಿ ಯಾರನ್ನು ನೋಯಿಸಿದ್ದೇನೆಂದು ನೆನೆಯಬಹುದು. ಕ್ಷಮಾವಣಿಯ ದಿನ ಬಂಧುಗಳಲ್ಲಿ ಕ್ಷಮೆ ಬೇಡುವುದು ಸುಲಭ, ಅವರ ಮನೆ ಗೊತ್ತಿದೆ. ದಾರಿಯಲ್ಲಿ ಬೈದವನ ಮನೆ ಗೊತ್ತಿಲ್ಲ. ಅವನಲ್ಲಿ ಬೇಡಬೇಕಾದ ಕ್ಷಮೆಯನ್ನು ಮುಂದೆ ಸಿಗುವ ಅಪರಿಚಿತನಿಗೆ ದಾರಿ ಬಿಟ್ಟುಕೊಟ್ಟೇ ತೀರಿಸಬೇಕು.

ಕ್ಷೇತ್ರಗಳ ಹಾಗೂ ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದುದು ಬಹಳವಿದೆ. ಎರಡು ಹಗಲಿನಲ್ಲಿ ಏಳೆಂಟು ಕ್ಷೇತ್ರಗಳ ದರ್ಶನವೆಂದು ಪ್ರಕಟಿಸುವ ಯಾತ್ರಾಪಟ್ಟಿಯು ಅಚ್ಚಾಗುವಾಗಲೇ ಪ್ರಮಾದವನ್ನು ಹೊತ್ತಿರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವೇ ಚಾಲಕನ ದುಡಿಮೆಯನ್ನು ದಿನಕ್ಕೆ 8 ಗಂಟೆಯೆಂದು ಗೊತ್ತುಪಡಿಸಿತ್ತು. ರಾತ್ರಿಯೆಲ್ಲ ಬಸ್ಸು ಓಡಿಸಿ ಬಂದವನಿಗೆ ಹಗಲು ಮಲಗಲು ಒಂದು ಕೋಣೆ, ಒಂದು ಚಾಪೆ, ಹೊತ್ತಿಗೆ ಸರಿಯಾಗಿ ಊಟ ಇಷ್ಟನ್ನು ಪ್ರತಿಯೊಂದು ಯಾತ್ರಿನಿವಾಸದಲ್ಲಿಯೂ ಒದಗಿಸುವುದು ಜೀವದಯೆಯ ಕಾರ್ಯವೇ ಆಗಿದೆ. ಭಕ್ತರಿಗೆ ಕೊಠಡಿ ಕೊಟ್ಟು ಚಾಲಕನನ್ನು ಸೀಟಿನ ಮೇಲೆ ಮಲಗಿಸುವಲ್ಲಿ ದಾನವು ಪೂರ್ಣವಾಗುವುದಿಲ್ಲ. ಯಾತ್ರೆಯ ವಾಹನದಲ್ಲಿ ಚಾಲಕನಿಗೆ ಅವಸರಪಡಿಸುವ ಅಧಿಕಾರ ಯಾರಿಗೂ ಇಲ್ಲವೆಂದು ಹೊರಡುವ ಮುನ್ನವೇ ಎಲ್ಲರ ಮುಂದೆ ಹೇಳಿಬಿಡುವುದು ಲೇಸು.

ಈ ಯಾತ್ರೆಗಳೆಲ್ಲವೂ ಸೇರುವುದು ಯಾರ ಪಾದಗಳನ್ನು ಎಂಬುದನ್ನು ನೆನೆಯಬೇಕು. ಬೆಳಗೊಳದಲ್ಲಿ, 1432ರಲ್ಲಿ ಪ್ರತಿಷ್ಠಿತನಾದ ಕಾರ್ಕಳದಲ್ಲಿ, 1604ರ ವೇಣೂರಿನಲ್ಲಿ, 1982ರ ಧರ್ಮಸ್ಥಳದಲ್ಲಿ ನಿಂತಿರುವವನು ಬಾಹುಬಲಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಅಣ್ಣನನ್ನು ಮೇಲೆತ್ತಿ ಹಿಡಿದ ಕ್ಷಣದಲ್ಲಿಯೇ ಗೆಲುವನ್ನು ಕೆಳಗಿಳಿಸಿ, ರಾಜ್ಯವನ್ನು ಬಿಟ್ಟುಕೊಟ್ಟು ಹೊರಟವನು. ಬಿಟ್ಟುಕೊಡುವುದು ಸೋತವನ ಲಕ್ಷಣವಲ್ಲ, ಗೆಲ್ಲಬಲ್ಲವನ ಲಕ್ಷಣವೆಂಬುದಕ್ಕೆ ಅವನಿಗಿಂತ ದೊಡ್ಡ ಸಾಕ್ಷಿಯಿಲ್ಲ. ಅವನ ದರ್ಶನಕ್ಕೆಂದು ಹೊರಟವರು ದಾರಿಯಲ್ಲಿ ಒಂದು ಗಜ ಡಾಂಬರಿಗಾಗಿ ಪರರೊಂದಿಗೆ ಕಾದಾಡುವುದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪ್ರತಿಯೊಬ್ಬರೂ ತಮ್ಮಲ್ಲಿಯೇ ಕೇಳಿಕೊಳ್ಳಬೇಕಾಗಿದೆ.

ಇದೇ ಹೆದ್ದಾರಿಗಳ ಅಂಚಿನಲ್ಲಿ ಮುನಿಗಳೂ ಆರ್ಯಿಕೆಯರೂ ಬರಿಗಾಲಿನಲ್ಲಿ ವಿಹಾರ ಮಾಡುತ್ತಾರೆ. ಚಳಿಗಾಲದ ಬೆಳಗಿನ ಮಂಜಿನಲ್ಲಿ ಅವರ ಹಿಂದೆಯೋ ಮುಂದೆಯೋ ನಾಲ್ವರು ಶ್ರಾವಕರು ಕೆಂಪು ಬಟ್ಟೆಯನ್ನೋ ದೀಪವನ್ನೋ ಹಿಡಿದು ನಡೆಯುತ್ತಾರೆ. ಹಾಗಿದ್ದರೂ ವಿಹಾರದ ದಾರಿಯಲ್ಲಿ ತ್ಯಾಗಿಗಳು ವಾಹನಕ್ಕೆ ಬಲಿಯಾದ ಸುದ್ದಿ ದೇಶದ ಬೇರೆ ಬೇರೆ ಭಾಗಗಳಿಂದ ಬರುತ್ತಲೇ ಇದೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವವರಿಗೆ ಹಿಂದಿನಿಂದ ಬರುವುದು ಕಾಣಿಸದು. ಅದನ್ನು ನೋಡಬೇಕಾದವರು ಹಿಂದೆ ಬರುವವರು.